ಸೊನ್ನೆ ಎಂದರೆ ಕೈ

ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡವಳು ನಾನು. ಆದರೂ ನಮ್ಮೂರು ಕಿನ್ನರದಲ್ಲಿ ಅರ್ಧ ಜನ ಈಗಲೂ ನಾನು ಕಾರವಾರದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ ಎಂದೇ ತಿಳಿದಿದ್ದಾರೆ. ಉಳಿದರ್ಧ ಜನ ಕೆಟ್ಟ ಮಿಕ್ಸರನ್ನು ತಂದು ಜಗಲಿಯ ಮೇಲಿಟ್ಟು, ಪುರುಸೊತ್ತಾದಾಗ ನೋಡಿ ಎಂದು ಹೇಳಿ ಹೋಗುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ನಿವೃತ್ತಳಾದ ಮೇಲೆ ಎರಡು ಮಿಕ್ಸರ್ ರಿಪೇರಿ ಮಾಡಿಯೂ ಕೊಟ್ಟಿದ್ದೇನೆ.

ಈ ಬರಹ ಅವರಿಗಲ್ಲ, ಹೊಸದಾಗಿ ಈ ಕೆಲಸಕ್ಕೆ ಸೇರುತ್ತಿರುವವರಿಗೆ. ಬಡ್ತಿಯ ಕಥೆ ಹೇಳುವುದಿಲ್ಲ. ಸಿಕ್ಕದ್ದು ಎರಡೇ ಬಡ್ತಿ, ಎರಡರಲ್ಲೂ ಕುರ್ಚಿ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ನಿಮಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ನನ್ನ ಹತ್ತಿರ ಇದ್ದರೆ ಅದು ನಾನು ಮಾಡಿದ ತಪ್ಪುಗಳು. ಅದರಲ್ಲೂ ಒಂದು ತಪ್ಪನ್ನು ಹೇಳದೆ ಹೋದರೆ ಮನಸ್ಸಿಗೆ ಸಮಾಧಾನವಿಲ್ಲ.

ನಮ್ಮ ಆಫೀಸು ಕಾರವಾರದ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ಕೆಳಗೆ ಬಲೆ, ಹಗ್ಗ ಮಾರುವ ಅಂಗಡಿ, ಮೇಲೆ ನಾವು ಏಳು ಜನ. ನೀರಿನ ಪಂಪು, ಐಸ್ ಫ್ಯಾಕ್ಟರಿಯ ಯಂತ್ರ, ಕಾಲುವೆಯ ಗೇಟು ಇಂಥವನ್ನು ನಡೆಸುವ ಅಂಗೈಯಗಲದ ಬೋರ್ಡುಗಳಿರುತ್ತವಲ್ಲ, ಅವಕ್ಕೆ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ನಮ್ಮ ಮೇಲಿನವರು ಕಾಮತ್ ಸರ್. ಅವರು ಪ್ರೋಗ್ರಾಮನ್ನು ಪರದೆಯ ಮೇಲೆ ಓದುತ್ತಿರಲಿಲ್ಲ. ಕಾಗದದ ಮೇಲೆ ಮುದ್ರಿಸಿಕೊಂಡು, ಕೆಂಪು ಪೆನ್ಸಿಲ್ ಹಿಡಿದು, ಮಗಳಿಗೆ ಗಂಡು ನೋಡುವವರ ಹಾಗೆ ಒಂದೊಂದು ಸಾಲಿನ ಜಾತಕವನ್ನೂ ಜಾಲಾಡುತ್ತಿದ್ದರು. ಬೇಡವೆನಿಸಿದ ಸಾಲಿನ ಪಕ್ಕದಲ್ಲಿ 'ಇದೆಂತಕ್ಕೆ?' ಎಂದು ಬರೆಯುತ್ತಿದ್ದರು. ನನ್ನ ಮೂವತ್ತೊಂದು ವರ್ಷದ ಬದುಕನ್ನು ಆ ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದು.

ಡೇಟಾ ರೇಸ್ ಎಂಬುದರ ಮುಖವನ್ನು ನಾನು ಮೊದಲು ಕಂಡದ್ದು ಒಂದು ಐಸ್ ಫ್ಯಾಕ್ಟರಿಯಲ್ಲಿ. ಒಂದು ಪ್ರೋಗ್ರಾಮಿನೊಳಗೆ ಹಲವು ಕೆಲಸಗಳು ಒಟ್ಟೊಟ್ಟಿಗೆ ಓಡುವಾಗ ಒಂದೊಂದನ್ನೂ ಥ್ರೆಡ್ ಎನ್ನುತ್ತೇವೆ. ಎಲ್ಲ ಥ್ರೆಡ್ಡುಗಳಿಗೂ ಮೆಮರಿ ಒಂದೇ. ಅಲ್ಲಿ ಐಸ್ ಗಡ್ಡೆ ಬೀಳುವ ಬಾಯಿ ಎರಡು, ಅವನ್ನು ಕಾಯಲು ಎರಡು ಥ್ರೆಡ್, ಎಣಿಕೆ ಮಾತ್ರ ಒಂದೇ. ಎರಡು ಬಾಯಿಗಳಲ್ಲೂ ಒಂದೇ ಕ್ಷಣಕ್ಕೆ ಗಡ್ಡೆ ಬಿದ್ದರೆ ಎರಡೂ ಥ್ರೆಡ್ಡುಗಳು ನಲವತ್ತು ಎಂದು ಓದಿ, ಎರಡೂ ಒಂದು ಕೂಡಿಸಿ, ಎರಡೂ ನಲವತ್ತೊಂದು ಎಂದು ಬರೆದಿಡುತ್ತಿದ್ದವು. ಸಂಜೆ ನೋಡಿದರೆ ಎಣಿಕೆ ನಾಲ್ಕೈದು ಕಡಿಮೆ. ಐಸ್ ಅಲ್ಲವೇ, ಕರಗಿರಬೇಕು ಎಂದು ನಾನು ವಾದಿಸಿದೆ. ಅಲ್ಲಿಯ ಮ್ಯಾನೇಜರು ಒಳ್ಳೆಯ ಮನುಷ್ಯ, ನಕ್ಕುಬಿಟ್ಟರು. ಗಡ್ಡೆ ಕರಗುತ್ತದೆ, ಆದರೆ ಇಡಿಗೆ ಇಡಿಯೇ ಕರಗುವುದಿಲ್ಲವಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಮರುದಿನ ಎಣಿಕೆಗೊಂದು ಬೀಗ ಹಾಕಿದೆ: ಒಂದು ಥ್ರೆಡ್ ಬೀಗ ಹಿಡಿದು ಓದಿ ಬರೆದು ಮುಗಿಸುವ ತನಕ ಇನ್ನೊಂದು ಕಾಯಬೇಕು. ಅಲ್ಲಿಗೆ ಈ ವಿಷಯ ನನಗೆ ಪೂರ್ತಿ ಅರ್ಥವಾಯಿತು ಎಂದುಕೊಂಡೆ. ಅದು ನನ್ನ ಅತಿ ದೊಡ್ಡ ತಪ್ಪು ಕಲ್ಪನೆ.

ಗಜನಿಯ ಗೇಟಿನ ಕೆಲಸ ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ, ಅಂಕೋಲೆಯ ಹತ್ತಿರದ ಒಂದು ಊರಿನಿಂದ. ಊರಿನ ಹೆಸರು ಬೇಡ. ಗಜನಿ ಎಂದರೆ ಸಮುದ್ರದ ಭರತಿಯ ನೀರು ನುಗ್ಗುವ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಕೊಯ್ಲು ಮುಗಿದ ಮೇಲೆ ಸಿಗಡಿ, ಮೀನು. ಗದ್ದೆಗೂ ಹಳ್ಳಕ್ಕೂ ನಡುವೆ ಒಡ್ಡು, ಒಡ್ಡಿನಲ್ಲಿ ಗೇಟು. ಭರತಿ ಏರುವಾಗ ಅದನ್ನು ಮುಚ್ಚಬೇಕು, ಇಳಿಯುವಾಗ ತೆರೆದು ಮಳೆ ನೀರನ್ನು ಹೊರಗೆ ಬಿಡಬೇಕು. ಆ ಊರಿನಲ್ಲಿ ನಲವತ್ತು ವರ್ಷ ಈ ಕೆಲಸ ಮಾಡಿದವರು ಬೀರು ಗೌಡರು. ಮೊದಲು ಮರದ ಹಲಗೆಗಳಿದ್ದವು. ಗಜನಿ ಕಮಿಟಿಯವರು ಕಬ್ಬಿಣದ ಗೇಟು ಹಾಕಿಸಿ, ಮೋಟರು ಕೂರಿಸಿ, ಅದನ್ನು ನಡೆಸಲು ನಮ್ಮ ಬೋರ್ಡು ತಂದರು. ಕರೆಂಟು ಹೋದಾಗ ಬೇಕಲ್ಲ, ಅದಕ್ಕೆ ಕೈಯಿಂದ ತಿರುಗಿಸುವ ಹ್ಯಾಂಡಲ್ ಇಟ್ಟು, ಅದರ ಬೀಗದ ಕೈಯನ್ನು ಬೀರು ಗೌಡರ ಹತ್ತಿರವೇ ಬಿಟ್ಟರು. ಆ ಊರಿನ ಪದ್ಧತಿಯಂತೆ ಗಜನಿಯಲ್ಲಿ ಮೊದಲ ಹಿಡಿ ಬೀಜ ಚೆಲ್ಲುವವನು ಒಡ್ಡು ಕಾಯುವವನೇ, ಎಂದರೆ ಈಗ ಬೀಗದ ಕೈ ಇಟ್ಟುಕೊಂಡವನು. ಅವನು ಚೆಲ್ಲಿದ ಮೇಲಷ್ಟೇ ಉಳಿದವರು ಗದ್ದೆಗೆ ಇಳಿಯುವುದು.

ಕರೆಂಟು ಬಂದು ನಮ್ಮ ಬೋರ್ಡು ಎದ್ದ ಕೂಡಲೇ ಒಂದು ಪಟ್ಟಿಯನ್ನು ಮೆಮರಿ ಕಾರ್ಡಿನಿಂದ ಓದಿಕೊಳ್ಳಬೇಕಿತ್ತು. ಒಳಗಿನ ನೀರು, ಹೊರಗಿನ ನೀರು ಅಳೆಯುವ ಲೆಕ್ಕ, ಯಾವ ಥ್ರೆಡ್ಡಿಗೆ ಯಾವ ಗುರುತಿನ ಸಂಖ್ಯೆ, ಎಲ್ಲ ಅದರಲ್ಲಿತ್ತು. ಓದುವುದು ಒಂದೇ ಸಲ. ಯಾವ ಥ್ರೆಡ್ಡಿಗೆ ಮೊದಲು ಬೇಕಾಗುತ್ತದೋ ಅದು ಓದಿಡಬೇಕು, ಉಳಿದವು ಅದನ್ನೇ ಬಳಸಬೇಕು. ನಾನು ಮೊದಲು ಇದಕ್ಕೂ ಬೀಗ ಹಾಕಿದ್ದೆ. ಕಾಮತ್ ಸರ್ ಕೆಂಪು ಪೆನ್ಸಿಲಿನಲ್ಲಿ ಕೇಳಿದರು: ಇದೆಂತಕ್ಕೆ? ಒಂದು ಸಲದ ಕೆಲಸಕ್ಕೆ ದಿನವಿಡೀ ಬೀಗ ಹಿಡಿದು ಬಿಡುವುದು ಯಾಕೆ ಎಂಬುದು ಅವರ ತಕರಾರು. ನಾನು ಬೀಗ ತೆಗೆದೆ. ಆದರೆ ಐಸ್ ಫ್ಯಾಕ್ಟರಿಯ ಭಯವಿತ್ತಲ್ಲ, ಎರಡು ಥ್ರೆಡ್ಡುಗಳು ಒಟ್ಟಿಗೆ ಓದಲು ಹೋಗದಿರಲಿ ಎಂದು, ಓದಲು ಶುರು ಮಾಡುವ ಮೊದಲೇ 'ಓದಿ ಆಯಿತು' ಎಂಬ ಗುರುತು ಹಾಕಿ ಆಮೇಲೆ ಓದುವಂತೆ ಬರೆದೆ. ಬಹಳ ಜಾಣತನ ಮಾಡಿದೆ ಎಂದು ಆ ದಿನ ಕ್ಯಾಂಟೀನಿನಲ್ಲಿ ಎರಡು ಬನ್ಸ್ ಹೆಚ್ಚು ತಿಂದೆ.

ಎಂಟು ವರ್ಷ ಗೇಟು ಚೆನ್ನಾಗಿಯೇ ನಡೆಯಿತು. ಆಮೇಲೆ ಹಳೆಯ ಬೋರ್ಡು ಸಿಗದಂತಾಗಿ ಹೊಸದು ಬಂತು. ಹಳೆಯದರಲ್ಲಿ ಒಂದೇ ಕೋರ್, ಎಂದರೆ ಲೆಕ್ಕ ಮಾಡುವ ತಲೆ ಒಂದೇ, ಥ್ರೆಡ್ಡುಗಳು ಸರದಿಯಲ್ಲಿ ಓಡುತ್ತಿದ್ದವು, ಅಪಾಯದ ಗಳಿಗೆಯಲ್ಲಿ ಸರದಿ ಬದಲಾಗುತ್ತಿದ್ದದ್ದು ಅಪರೂಪ. ಹೊಸದರಲ್ಲಿ ಎರಡು ಕೋರ್, ಎರಡು ಥ್ರೆಡ್ಡುಗಳು ನಿಜಕ್ಕೂ ಒಟ್ಟಿಗೇ ಓಡುತ್ತವೆ. ಪ್ರೋಗ್ರಾಮಿನ ಒಂದು ಅಕ್ಷರವನ್ನೂ ಬದಲಿಸದೆ ಹೊಸ ಬೋರ್ಡಿಗೆ ತುಂಬಿದೆವು. ಎಂಟು ವರ್ಷ ನಡೆದದ್ದನ್ನು ಮುಟ್ಟುವುದು ಯಾಕೆ ಎಂದು ಹೇಳಿದವಳು ನಾನೇ.

ಆ ಮಳೆಗಾಲದ ಅಮಾವಾಸ್ಯೆಯ ದಿನ ಬೆಳಿಗ್ಗೆ ದೊಡ್ಡ ಭರತಿ ಏರುತ್ತಿತ್ತು. ಕಗ್ಗದ ಮೊಳಕೆ ಬೀಜ ಚೆಲ್ಲಿ ಒಂದು ವಾರ ಕೂಡ ಆಗಿರಲಿಲ್ಲ. ಗುಡುಗಿಗೆ ಕರೆಂಟು ಹೋಗಿ ಬಂತು. ಬೀರು ಗೌಡರು ಮನೆಯಲ್ಲಿ ಗಂಜಿ ಉಂಡು ಒಡ್ಡಿನ ಕಡೆ ಬಂದರೆ ಗೇಟು ಪೂರ್ತಿ ತೆರೆದಿದೆ, ಉಪ್ಪು ನೀರು ಗದ್ದೆಗೆ ನುಗ್ಗುತ್ತಿದೆ. ಮೋಟರಿನ ಸ್ವಿಚ್ಚು ಆರಿಸಿ, ಬೀಗ ತೆಗೆದು, ಹ್ಯಾಂಡಲ್ ತಿರುಗಿಸಿ ಮುಚ್ಚತೊಡಗಿದರು. ಊರಿನವರು ಓಡಿ ಬರುವಾಗ ಅವರಿಗೆ ಕಂಡದ್ದೇನು? ಗೇಟಿನಿಂದ ನೀರು ನುಗ್ಗುತ್ತಿರುವುದು, ಹ್ಯಾಂಡಲಿನ ಮೇಲೆ ಬೀರು ಗೌಡರ ಕೈ ಇರುವುದು. ಗದ್ದೆಯಲ್ಲಿ ಮುಕ್ಕಾಲು ಬೀಜ ತೇಲಿಹೋಗಿತ್ತು.

ಆ ಸಂಜೆಯೇ ಮಾತು ಹುಟ್ಟಿತು, ಶೆಟ್ಲಿ ಆಸೆಗೆ ಬೀರು ಗೌಡರು ಭರತಿಯಲ್ಲಿ ಗೇಟು ತೆಗೆದಿದ್ದಾರೆ ಎಂದು. ಶೆಟ್ಲಿ ಎಂದರೆ ಆ ಕಡೆಯಲ್ಲಿ ಸಿಗಡಿ. ಉಪ್ಪು ನೀರು ಒಳಗೆ ಬಂದರೆ ಸಿಗಡಿ ಮರಿಯೂ ಬರುತ್ತದೆ, ಆಮೇಲೆ ಬುಟ್ಟಿ ಇಟ್ಟು ಹಿಡಿಯಬಹುದು. ಬೇರೆ ಊರಿನವರಿಗೆ ಇಂಥ ಅನುಮಾನ ಬರುವುದೇ ಇಲ್ಲ, ಗಜನಿಯವರಿಗೆ ಮೊದಲು ಬರುವುದೇ ಇದು. ಕಮಿಟಿಯವರು ಶಾಲೆಯ ಜಗಲಿಯಲ್ಲಿ ಸಭೆ ಕರೆದರು, ಬೋರ್ಡು ಬರೆದಿಟ್ಟ ದಾಖಲೆಯನ್ನು ಓದಿ ಹೇಳಲು ನನ್ನನ್ನೂ ಕರೆದರು.

ನಾನು ಲ್ಯಾಪ್‌ಟಾಪ್ ತೆರೆದು ಗಂಭೀರವಾಗಿ ಓದಿದೆ. ಹತ್ತು ಐವತ್ತೆರಡಕ್ಕೆ ಗೇಟು ತೆರೆಯಲು ಶುರು, ಹತ್ತು ಐವತ್ತಾರಕ್ಕೆ ಪೂರ್ತಿ ತೆರೆದಿದೆ, ತೆರೆದವರು: ಕೈ. ಹನ್ನೊಂದು ಇಪ್ಪತ್ತಕ್ಕೆ ಮುಚ್ಚಲು ಶುರು, ಹನ್ನೊಂದು ಐವತ್ತೈದಕ್ಕೆ ಪೂರ್ತಿ ಮುಚ್ಚಿದೆ, ಮುಚ್ಚಿದವರು: ಕೈ. ಕಮಿಟಿಯ ಅಧ್ಯಕ್ಷರು ಇದರಲ್ಲಿ ತಪ್ಪಿರಬಹುದೇ ಎಂದು ಕೇಳಿದರು. ಕೇಳಿದ ಆ ಮನುಷ್ಯನನ್ನು ಮೆಚ್ಚಬೇಕು. ನಾನು ಕೊಟ್ಟ ಉತ್ತರ ಇದು: "ಯಂತ್ರಕ್ಕೆ ಸುಳ್ಳು ಹೇಳೂಕೆ ಬರೂದಿಲ್ಲ."

ಬೀರು ಗೌಡರು ಕಂಬಕ್ಕೆ ಒರಗಿ ನಿಂತಿದ್ದರು. "ನಾ ಮುಚ್ಚದ್ದು. ತೆಗದದ್ದಲ್ಲ" ಎಂದು ಒಂದೇ ಮಾತು ಹೇಳಿದರು. ಅಧ್ಯಕ್ಷರು ಯಂತ್ರವೇ ಹೇಳಿದ ಮೇಲೆ ಇನ್ನೇನು, ಬೀರು ಗೌಡನೇ ಕಳ್ಳ ಎಂದರು, ಬೀಗದ ಕೈ ತೆಗೆದುಕೊಂಡರು. ಬೀಜ ಮತ್ತೆ ಚೆಲ್ಲಲು ಮುಂದಿನ ಸೋಮವಾರ ಎಂದು ಗೊತ್ತಾಯಿತು, ಮೊದಲ ಹಿಡಿ ಚೆಲ್ಲಲು ಬೇರೆಯವರ ಹೆಸರೂ ಗೊತ್ತಾಯಿತು. ನಾನು ಚಹಾ ಕುಡಿದು, ಕಾರವಾರದ ಬಸ್ಸು ಹಿಡಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಬೀರು ಗೌಡರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಚಪ್ಪಲಿಯನ್ನು ಕೆಳಗೆ ಬಲೆ ಅಂಗಡಿಯ ಹತ್ತಿರವೇ ಬಿಟ್ಟಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ನೀರು ಕೊಟ್ಟೆ, ಕುರ್ಚಿ ಕೊಟ್ಟೆ, ನನ್ನ ಸಮಜಾಯಿಷಿಯನ್ನೂ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ. ಅವರು ಜಗಳ ಮಾಡಲಿಲ್ಲ.

"ಅಕ್ಕೋರೆ, ಆವತ್ತು ಓದದ್ದು ಮತ್ತೊಂದ್ಸಲ ಓದಿ" ಎಂದರು. "ಗಂಟೆ ಸಮೇತ ಓದಿ."

ಓದಿದೆ.

"ತೆಗೂಕೆ ಎಷ್ಟು ಹೊತ್ತಾಯ್ತು ಅಂತ ಬರದದೆ?"

"ನಾಲ್ಕು ನಿಮಿಷ."

"ಮುಚ್ಚೂಕೆ?"

"ಮೂವತ್ತೈದು ನಿಮಿಷ," ಎಂದೆ, ಎನ್ನುತ್ತಲೇ ಎರಡೂ ಸಾಲುಗಳನ್ನು ಮತ್ತೆ ನೋಡಿದೆ.

"ಎರಡೂ ನನ್ನ ಕೈಯೇ ಅಂತ್ರಿ. ಆ ಹ್ಯಾಂಡಲ್ ತಿರುಗ್ಸಿ ಗೇಟು ಎತ್ತೂಕೆ ನಾ ಹುಡುಗ ಇದ್ದಾಗ್ಲೂ ನಾಲ್ಕು ನಿಮಿಷದಲ್ಲಿ ಆಗ್ತಿರ್ಲಿಲ್ಲ."

ಗೇಟು ಬಂದದ್ದೇ ಅವರಿಗೆ ಐವತ್ತು ದಾಟಿದ ಮೇಲೆ, ಆದರೆ ಆ ತಪ್ಪನ್ನು ತೋರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾಲ್ಕು ನಿಮಿಷಕ್ಕೆ ಗೇಟು ಎತ್ತುವುದು ಮೋಟರು ಮಾತ್ರ. ಆ ಎರಡು ಸಾಲುಗಳನ್ನು ಇಡೀ ಊರಿನ ಮುಂದೆ ಗಟ್ಟಿಯಾಗಿ ಓದಿದವಳು ನಾನು. ಮೂವತ್ತು ವರ್ಷದ ಅನುಭವದ ಕಣ್ಣಿಗೆ ಕಾಣದ್ದನ್ನು, ದಾಖಲೆಯನ್ನು ಕಣ್ಣಿಂದ ನೋಡಿಯೇ ಇರದವರು ಕೇಳಿ ನೆನಪಿಟ್ಟುಕೊಂಡು ಹಿಡಿದಿದ್ದರು.

ಸೋಮವಾರಕ್ಕೆ ನಾಲ್ಕು ದಿನವಿತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ವೈಶಾಲಿ, ಸೇರಿ ಮೂರು ವರ್ಷವಾಗಿದ್ದ ಚುರುಕಿನ ಹುಡುಗಿ, ಮೇಜಿನ ಮೇಲೆ ಅಂಥದ್ದೇ ಬೋರ್ಡು, ಒಂದು ಚಿಕ್ಕ ಮೋಟರು ಇಟ್ಟುಕೊಂಡು ಪ್ಲಗ್ಗಿನ ಸ್ವಿಚ್ಚು ಆರಿಸಿ ಹಾಕುತ್ತ ಕುಳಿತಳು. ಬೋರ್ಡು ಪ್ರತಿ ಸಲವೂ ಸರಿಯಾಗಿಯೇ ಎದ್ದಿತು. ನಾವು ಏನಾಗುತ್ತಿದೆ ನೋಡೋಣವೆಂದು ಪ್ರೋಗ್ರಾಮಿನಲ್ಲಿ ಅಲ್ಲಲ್ಲಿ ಪರದೆಗೆ ಬರೆಯುವ ಸಾಲುಗಳನ್ನು ಸೇರಿಸಿದ್ದೆವು. ಎರಡು ದಿನ ಕಳೆದ ಮೇಲೆ ತಿಳಿಯಿತು, ಆ ಸಾಲುಗಳಿಂದಲೇ ಒಂದು ಥ್ರೆಡ್ ತುಸು ತಡವಾಗಿ ತಪ್ಪು ನಡೆಯುತ್ತಿರಲಿಲ್ಲ. ನೋಡುತ್ತಿದ್ದರೆ ಸಭ್ಯ, ನೋಡದಿದ್ದರೆ ಪುಂಡ. ಸಾಲುಗಳನ್ನು ತೆಗೆದು ಮತ್ತೆ ಕುಳಿತೆವು. ನೂರಾ ಹದಿನಾಲ್ಕನೆಯ ಸಲ ಮೇಜಿನ ಮೇಲಿನ ಮೋಟರು ಗರ್ರೆಂದು ತಾನಾಗಿ ತಿರುಗಿತು. ವೈಶಾಲಿ ಕುಣಿದಳು. ದಾಖಲೆ ನೋಡಿದೆವು. ತೆರೆದವರು: ಕೈ. ಮೇಜಿನ ಮೇಲೆ ಕೈಯಿಂದ ತಿರುಗಿಸಲು ಹ್ಯಾಂಡಲೇ ಇರಲಿಲ್ಲ.

ಏನಾಗಿತ್ತೆಂದು ನಮ್ಮ ಮನೆಯ ಅಡಿಗೆಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ. ಮೀನಿನ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತದೆ ಎಂದು ಅತ್ತೆ ಬೈಯುತ್ತಿದ್ದರು. ಅದಕ್ಕೆ ನನ್ನ ವಾರಗಿತ್ತಿ ಒಂದು ಉಪಾಯ ಮಾಡಿದಳು. ಮೊದಲು 'ಉಪ್ಪು ಹಾಕಿದೆ' ಎಂದು ಕೂಗುವುದು, ಆಮೇಲೆ ಉಪ್ಪಿನ ಭರಣಿ ತರಲು ಹೋಗುವುದು. ಅವಳು ಭರಣಿ ತರುವಷ್ಟರಲ್ಲಿ ನಾನು ಸಾರನ್ನು ಇಳಿಸಿ ಮಾವನಿಗೆ ಬಡಿಸಿದ್ದೆ. ಗುಡುಗಿನ ದಿನ ಬೋರ್ಡಿನಲ್ಲೂ ಅದೇ ಆಯಿತು. ಒಂದು ಥ್ರೆಡ್ 'ಓದಿ ಆಯಿತು' ಎಂದು ಗುರುತು ಹಾಕಿ ಕಾರ್ಡಿನ ಕಡೆ ಹೊರಟಿತು. ಅಷ್ಟರಲ್ಲಿ ಗೇಟಿನ ಥ್ರೆಡ್ ಗುರುತನ್ನು ನಂಬಿ, ಇನ್ನೂ ಖಾಲಿಯಾಗಿದ್ದ ಪಟ್ಟಿಯನ್ನು ನಕಲು ಮಾಡಿಕೊಂಡಿತು. ಪಟ್ಟಿಯ ತುಂಬ ಸೊನ್ನೆ. ಆ ಲೆಕ್ಕದಲ್ಲಿ ಹೊರಗಿನ ನೀರಿನ ಮಟ್ಟವೂ ಸೊನ್ನೆ, ಎಂದರೆ ಇಳಿತ, ಆದ್ದರಿಂದ ಗೇಟು ತೆರೆ. ತೆರೆದವರು ಯಾರು ಎಂದು ಬರೆಯಲು ತನ್ನ ಗುರುತಿನ ಸಂಖ್ಯೆ ನೋಡಿಕೊಂಡಿತು, ಅದೂ ಸೊನ್ನೆ. ಸೊನ್ನೆ ಎಂದರೆ ಕೈ, ಒಂದು ಎಂದರೆ ಯಂತ್ರ, ಎರಡು ಎಂದರೆ ಫೋನಿನಿಂದ ಬಂದ ಆಜ್ಞೆ ಎಂದು ಎಂಟು ವರ್ಷದ ಹಿಂದೆ ಗೊತ್ತು ಮಾಡಿದವಳು ನಾನು. ಯೋಚಿಸಿ ಮಾಡಿದ್ದಲ್ಲ, ಬೆರಳು ಮಡಚಿ ಎಣಿಸಿದ ಹಾಗೆ ಬರೆದಿದ್ದೆ.

ಹೊಸಬರು ಇಷ್ಟು ಗಮನಿಸಿ. ಗುರುತನ್ನು ಕೊನೆಗೆ ಹಾಕಿದರೂ ಸಾಲದು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರೂ ಬೋರ್ಡಿನ ಚಿಪ್ಪೂ ವೇಗಕ್ಕಾಗಿ ನೀವು ಬರೆದ ಕ್ರಮವನ್ನು ಹಿಂದುಮುಂದು ಮಾಡಬಲ್ಲವು, ಅದು ಅವುಗಳ ಹಕ್ಕು. ಒಂದೇ ಸಲ ಆಗಬೇಕಾದ ಕೆಲಸಕ್ಕೆಂದೇ ಥ್ರೆಡ್ಡುಗಳ ಲೈಬ್ರರಿಯಲ್ಲಿ 'ಒನ್ಸ್' ಎಂಬ ಕರೆ ಇದೆ. ಎಷ್ಟು ಥ್ರೆಡ್ಡುಗಳು ಕರೆದರೂ ಕೆಲಸ ಒಮ್ಮೆ ಮಾತ್ರ ನಡೆಯುತ್ತದೆ, ಅದು ಮುಗಿಯುವ ತನಕ ಉಳಿದವು ಕಾಯುತ್ತವೆ. ಅದು ಆಗಲೂ ಇತ್ತು. ನಾನು ನನ್ನ ಜಾಣತನದಲ್ಲಿ ಅದನ್ನು ಬಳಸಿರಲಿಲ್ಲ. ಇನ್ನೊಂದು ಮಾತು: ಈಗಿನ ಕಂಪೈಲರಿಗೆ ಒಂದು ಪದ ಹೆಚ್ಚು ಹೇಳಿದರೆ ಇಂಥ ಡೇಟಾ ರೇಸನ್ನು ಅದೇ ಹುಡುಕಿ ಸಾಲಿನ ಸಂಖ್ಯೆ ಸಮೇತ ಕೊಡುತ್ತದೆ. ವೈಶಾಲಿ ಆಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಹಾಗೆ ಓಡಿಸಿದಳು. ಎರಡು ನಿಮಿಷದಲ್ಲಿ ಉತ್ತರ ಬಂತು. ನಾವು ಸ್ವಿಚ್ಚು ಒತ್ತಿದ ಬೆರಳುಗಳನ್ನು ನೋಡಿಕೊಂಡೆವು. ಮತ್ತೆ, ಸೊನ್ನೆಗೆ 'ಗೊತ್ತಿಲ್ಲ' ಎಂಬ ಅರ್ಥ ಕೊಡಿ. ಖಾಲಿ ಜಾಗದಲ್ಲಿ ಯಾವ ಮನುಷ್ಯನನ್ನೂ ಕೂರಿಸಬೇಡಿ.

ಕಾಮತ್ ಸರ್‌ಗೆ ಹೇಳಿದೆ. ಇನ್ನೂ ನಾಲ್ಕು ಊರಿನವರು ಗೇಟು ಕೇಳಿದ್ದ ಸಮಯವದು. ಅವರು ಕನ್ನಡಕ ತೆಗೆದು ಒರೆಸಿ, "ನೋಡು ಶಾಲಿನಿ, ಹೊಸ ಪ್ರೋಗ್ರಾಂ ತುಂಬಿ ಬಾ. ಬಾಯಿ ಬಿಡೂದು ಬೇಡ" ಎಂದರು.

"ಗೇಟು ರಿಪೇರಿ ಆಗ್ತದೆ ಸರ್. ಬೀರು ಗೌಡ್ರದ್ದು ಎಂತ ಮಾಡೂದು?"

ಅವರು ಕನ್ನಡಕ ಮತ್ತೆ ಹಾಕಿಕೊಂಡು ಕೆಂಪು ಪೆನ್ಸಿಲ್ ಎತ್ತಿಕೊಂಡರು. ನಾನು ಭಾನುವಾರ ಇಡೀ ದಿನ ಕೆಲಸ ಬಿಡುವ ಅರ್ಜಿಯನ್ನು ಮನಸ್ಸಿನಲ್ಲೇ ಬರೆದು ಹರಿದೆ. ಸೋಮವಾರ ಬೆಳಿಗ್ಗೆ ಅಂಕೋಲೆಯ ಬಸ್ಸು ಹತ್ತಲು ಹೋದರೆ, ಸರ್ ಆಗಲೇ ಕಿಟಕಿಯ ಪಕ್ಕ ಕುಳಿತಿದ್ದಾರೆ, ತೊಡೆಯ ಮೇಲೆ ಎಂಟು ವರ್ಷದ ಹಿಂದಿನ ಮುದ್ರಿತ ಹಾಳೆ. ಬೀಗದ ಸಾಲಿನ ಪಕ್ಕ ಅವರದೇ ಕೆಂಪು ಅಕ್ಷರ. "ಅರ್ಧ ತಪ್ಪು ನಂದು" ಎಂದಷ್ಟೇ ಹೇಳಿ ಹೊರಗೆ ನೋಡತೊಡಗಿದರು.

ಒಡ್ಡಿನ ಮೇಲೆ ಊರೇ ಸೇರಿತ್ತು. ಬೀಜದ ಬುಟ್ಟಿಗಳು ಸಾಲಾಗಿದ್ದವು. ನಾನು ಮಾತಿಗೆ ಮೊದಲು ಅಧ್ಯಕ್ಷರನ್ನೇ ಹ್ಯಾಂಡಲ್ ತಿರುಗಿಸಲು ಕೇಳಿಕೊಂಡೆ. ಅವರು ಪಂಚೆ ಎತ್ತಿ ಕಟ್ಟಿ ಹುರುಪಿನಿಂದ ಶುರು ಮಾಡಿದರು. ನಾಲ್ಕು ನಿಮಿಷಕ್ಕೆ ಗೇಟು ಒಂದು ಗೇಣು ಎದ್ದಿತ್ತು, ಅಧ್ಯಕ್ಷರ ಉಸಿರು ಅದಕ್ಕಿಂತ ಹೆಚ್ಚು ಎದ್ದಿತ್ತು. ಗಟ್ಟಿಮುಟ್ಟಾದ ಇಬ್ಬರು ಸರದಿಯಲ್ಲಿ ತಿರುಗಿಸಿದರೂ ಪೂರ್ತಿ ತೆರೆಯಲು ಅರ್ಧ ಗಂಟೆಯೇ ಬೇಕಾಯಿತು. ಆಮೇಲೆ ನಾನು ಹೇಳಿದೆ: "ಆವತ್ತು ಗೇಟು ತೆಗದದ್ದು ನನ್ನ ಪ್ರೋಗ್ರಾಂ. ತೆಗದು ಬೀರು ಗೌಡ್ರ ಮೇಲೆ ಬರದದೆ. ಅದನ್ನ ಹಾಗೆ ಮಾಡಿದವಳು ನಾನು, ನಿಮ್ಮ ಮುಂದೆ ಓದಿದವಳೂ ನಾನು." ಕಾಮತ್ ಸರ್ ಹಾಳೆ ಎತ್ತಿ ಹಿಡಿದು ಅರ್ಧ ತಪ್ಪು ತನ್ನದು ಎಂದರು. ಹಾಳೆಯಲ್ಲಿ ಏನಿದೆಯೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ, ಆದರೆ ಕೆಂಪು ಗೀಟು ಕಂಡು ಎಲ್ಲರೂ ತಲೆಯಾಡಿಸಿದರು.

ಅಧ್ಯಕ್ಷರು ಬೀಗದ ಕೈ ಚಾಚಿದರು. ಬೀರು ಗೌಡರು ಕೈ ಮುಂದೆ ಮಾಡಲಿಲ್ಲ. ಕಳ್ಳ ಎಂದು ಹೇಳಿದ್ದು ಎಲ್ಲರೆದುರಿಗೆ, ಅಲ್ಲವೆಂದು ಹೇಳುವುದೂ ಎಲ್ಲರೆದುರಿಗೇ ಆಗಲಿ ಎಂದರು. ಅಧ್ಯಕ್ಷರು ಹಾಗೆಯೇ ಹೇಳಿದರು, ಹಿಂದೆ ನಿಂತ ಹೆಂಗಸರು ಕೇಳಲಿಲ್ಲ ಎಂದದ್ದಕ್ಕೆ ಎರಡನೆಯ ಸಲವೂ ಹೇಳಿದರು. ಬೀರು ಗೌಡರು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಸರಿಗೆ ಇಳಿದು, ಮೊದಲ ಹಿಡಿ ಚೆಲ್ಲಿದರು.

ನಮ್ಮನ್ನು ರಸ್ತೆಯ ತನಕ ಬಿಡಲು ಅವರೇ ಬಂದರು. ನಾನು ದಾರಿಯಲ್ಲಿ ಮತ್ತೊಮ್ಮೆ ಕ್ಷಮೆ ಕೇಳಿದೆ. ಅವರು ಹೇಳಿದರು:

"ಊರವ್ರು ಹೇಳದ್ದು ಹೋಗ್ಲಿ ಅಕ್ಕೋರೆ. ಯಂತ್ರವೇ ಬರದದೆ ಅಂದ್ಮೇಲೆ ನಮ್ಮನೆಯವ್ಳು ಕೇಳಿದ್ಲು, ವಯಸ್ಸಾಯ್ತು, ತೆಗದು ಮರ್ತಿರೇನೋ ಅಂತ. ನಾನೂ ಹೌದೇನೋ ಅಂತ್ಲೇ ಇದ್ದೆ. ಮೂರನೇ ದಿವಸ ಭುಜದ ನೋವು ನೋಡ್ಕಂಡೆ. ಇದು ಒಂದ್ಸಲ ತಿರುಗ್ಸಿದ ನೋವು, ಎರಡ್ಸಲದ್ದಲ್ಲ. ಮರುದಿವಸ ಬಸ್ಸು ಹತ್ತಿ ಬಂದೆ."

ಕಾರವಾರ ಮುಟ್ಟುವ ತನಕ ಆ ಭುಜದ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ತನ್ನ ಕೈ ಏನು ಮಾಡಿತೆಂಬ ವಿಷಯದಲ್ಲಿ ಒಬ್ಬ ಮನುಷ್ಯ ಮೂರು ದಿನ ತನ್ನನ್ನೇ ತಾನು ನಂಬದ ಹಾಗೆ ನಾನು ಮಾಡಿದ್ದೆ.